ತೂಕದವನ ತಟ್ಟೆ

ಮೂವತ್ತೆಂಟು ಚಳಿಗಾಲ
ಕ್ರೀಟ್ ದ್ವೀಪದ ಈ ಗುಡ್ಡದೂರಿನ ಗಾಣದಲ್ಲಿ
ಊರವರ ಆಲಿವ್ ಎಣ್ಣೆ ತೂಗಿದವನು ನಾನು, ಸ್ತ್ರಾತಿಸ್.
ನನ್ನ ತೂಕದ ಮೇಲೆ ಆಣೆ ಇಡುತ್ತಿದ್ದರು,
ಬೆನ್ನ ಹಿಂದೆ ಬೈಯುತ್ತಿದ್ದರು,
ಎರಡೂ ಒಗ್ಗಿಹೋಗಿತ್ತು.

ಹಾಗಾಗಿ ಹೊಸ ಡಾಕ್ಟರಮ್ಮ
ಅಂಗೈಯಗಲದ ಗಾಜಿನ ತಕ್ಕಡಿ ಕೈಗಿತ್ತು
“ಇನ್ನು ಊಟವನ್ನೂ ತೂಗಿಯೇ ಉಣ್ಣಿ, ತಾತ” ಎಂದಾಗ
ನಗು ತಡೆಯಲಾಗಲಿಲ್ಲ.
ಬ್ಯಾಟರಿಯಂತೆ. ಮುಳ್ಳೇ ಇಲ್ಲ.
ಮುಳ್ಳಿಲ್ಲದ ತಕ್ಕಡಿಯನ್ನು ನಂಬುವುದು ಹೇಗೆ?

ಆದರೂ ಒಂದು ವಾರ ತೂಗಿದೆ, ಮಾತು ಕೊಟ್ಟಿದ್ದೆನಲ್ಲ.
ಬೆಂದ ಅಲಸಂದೆ ನೂರಾ ಎಂಬತ್ತು.
ಬಾರ್ಲಿಯ ಒಣರೊಟ್ಟಿ ಅರವತ್ತು.
ಬೆಟ್ಟದ ಕಹಿಸೊಪ್ಪು? ಅದನ್ನು ಯಾವಾಗ ತೂಗುವುದು,
ಬಸಿಯುವ ಮೊದಲೋ, ಬಸಿದ ಮೇಲೋ,
ನಿಂಬೆ ಹಿಂಡಿದ ಮೇಲೋ?
ತೂಗಿ ಮುಗಿಯುವಷ್ಟರಲ್ಲಿ ಆರಿತ್ತು.
ಆರಿದ್ದನ್ನೇ ತಿಂದೆ. ಹೊಟ್ಟೆ ತುಂಬಿತು,
ಉಂಡ ನೆನಪು ಮಾತ್ರ ನಾಲಿಗೆಯಲ್ಲಿ ಇರಲಿಲ್ಲ.

ನನ್ನ ದೊಡ್ಡಮ್ಮ ಕಲ್ಲಿಯೋಪಿ
ಯುದ್ಧದ ವರ್ಷಗಳಲ್ಲಿ ಹುಲ್ಲು ಬೇಯಿಸಿ ಕುಡಿದವಳು.
ಆಮೇಲೆ ಸುಭಿಕ್ಷ ಬಂತು, ಅವಳು ನಿಲ್ಲಿಸಲೇ ಇಲ್ಲ.
ದಿಂಬಿನ ಕೆಳಗೆ ರೊಟ್ಟಿ, ಜೇಬಿನಲ್ಲಿ ಅಂಜೂರ.
ಹಳೆಯ ಹಸಿವು ಹಳೆಯ ಸಾಲದ ಹಾಗೆ,
ಎಷ್ಟು ಕೊಟ್ಟರೂ ಬಡ್ಡಿಗೇ ಸರಿಹೋಗುತ್ತಿತ್ತು.
ಅವಳನ್ನು ಹೊಟ್ಟೆಬಾಕಿ ಎಂದವರ ಮನೆಯಲ್ಲಿ
ನಾನು ಇಂದಿಗೂ ನೀರು ಮುಟ್ಟುವುದಿಲ್ಲ.

ಸುಖವಾಗಿ ಬೆಳೆದ ನನಗೆ ಆ ನೆಪವೂ ಇರಲಿಲ್ಲ.
ತಮ್ಮನ ಮದುವೆಯಲ್ಲಿ ಮೂರು ಸಲ ಕುರಿಮಾಂಸ ಬಡಿಸಿಕೊಂಡು
ಮದುಮಕ್ಕಳು ಕುಣಿಯುವಾಗ
ಕ್ಯಾರೊಬ್ ಮರದಡಿ ಮುದುಡಿ ಮಲಗಿದ್ದೆ.
ಮೊದಲ ತುತ್ತು ಹೇಗಿತ್ತೆಂದು ಇನ್ನೂ ನೆನಪಿದೆ.
ಕೊನೆಯದು? ದೇವರಾಣೆಗೂ ಇಲ್ಲ.

ನನ್ನವಳು ಎವಾಂಥಿಯಾ,
ಇನ್ನೊಂದು ಸೌಟು ಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ
ಪಾತ್ರೆಯನ್ನೇ ಎತ್ತಿ ಒಳಗೊಯ್ಯುತ್ತಾಳೆ.
“ನಾಳೆಗೂ ಒಂದಿಷ್ಟು ಹಸಿವು ಉಳಿಸಿಕೊ.”
ಎಂಥ ಮಾತು ಎಂದು ವರ್ಷಗಟ್ಟಲೆ ಬೆರಗಾಗಿದ್ದೆ.
ಮೊನ್ನೆ ಕೇಳಿದರೆ ಹೇಳುತ್ತಾಳೆ:
“ತತ್ವವೂ ಇಲ್ಲ, ಮಣ್ಣೂ ಇಲ್ಲ,
ಬೇಗ ತೊಳೆದಿಟ್ಟು ಇಸ್ಪೀಟಿಗೆ ಹೋಗಬೇಕಿತ್ತು ನನಗೆ.”

ಇರಲಿ. ನನಗೆ ತಿಳಿದದ್ದು ಇಷ್ಟು,
ಇದನ್ನು ಗಾಣ ಕಲಿಸಿತು.
ಡಬ್ಬ ತುಂಬುವಾಗ
ಮುಳ್ಳು ಗುರುತು ಮುಟ್ಟುವ ತನಕ ಕಾಯಬಾರದು.
ತುಸು ಮೊದಲೇ ನಲ್ಲಿ ತಿರುಗಿಸಬೇಕು.
ಗಾಳಿಯಲ್ಲಿ ಇಳಿಯುತ್ತಿರುವ ಎಣ್ಣೆಯೂ ಡಬ್ಬದ್ದೇ,
ಅದು ಇನ್ನೂ ಬೀಳಬೇಕಷ್ಟೆ.
ಹೊಸ ಹುಡುಗರು ಮುಳ್ಳು ನೋಡುತ್ತಾರೆ, ಚೆಲ್ಲುತ್ತಾರೆ.
ಹಳಬನ ಕಣ್ಣು ಧಾರೆಯ ಮೇಲೆ.

ಊಟವೂ ಹಾಗೆಯೇ.
ಸಾಕು ಎಂಬ ಮಾತು ಹೊಟ್ಟೆಯಿಂದ ಹೊರಟು
ತಲೆ ತಲುಪಲು ದಾರಿ ದೂರ,
ಕತ್ತೆಯ ಮೇಲೆ ಬರುತ್ತದೆ ಅದು.
ಅಷ್ಟರವರೆಗೆ ಚಮಚ ಕೆಳಗಿಟ್ಟು
ಕಿಟಕಿಯಾಚೆ ನೋಡುತ್ತೇನೆ,
ಪಕ್ಕದವರ ಮೇಕೆ ಯಾರ ಬೇಲಿ ಹಾರಿತೆಂದು ವಿಚಾರಿಸುತ್ತೇನೆ,
ಅರ್ಧ ಲೋಟ ವೈನನ್ನು ಅರ್ಧ ಗಂಟೆ ಕುಡಿಯುತ್ತೇನೆ.

ಹಾಗೆಂದು ನನ್ನನ್ನು ಸನ್ಯಾಸಿ ಮಾಡಬೇಡಿ.
ನವೆಂಬರಿನಲ್ಲಿ ಮೊದಲ ಹಿಂಡಿನ ಹಸಿರೆಣ್ಣೆ
ಗಂಟಲಲ್ಲಿ ಖಾರವಾಗಿ ಚುರುಗುಟ್ಟುವ ದಿನ
ಸುಟ್ಟ ರೊಟ್ಟಿ ಎರಡಲ್ಲ, ಮೂರು.
ಆ ದಿನದ ಲೆಕ್ಕ ಯಾರೂ ಕೇಳಬಾರದು,
ಡಾಕ್ಟರಮ್ಮನೂ.

ಗಾಜಿನ ತಕ್ಕಡಿ ಈಗ ಮೊಮ್ಮಗಳು ಫೊತೀನಿಯದು.
ನಿನ್ನೆ ಮಳೆ ನಿಂತ ಮೇಲೆ
ಬಾಣಲೆಗೆಂದು ಆರಿಸಿ ತಂದ ಬಸವನಹುಳುಗಳನ್ನು
ಒಂದೊಂದಾಗಿ ತೂಗುತ್ತಿದ್ದಳು.
ಅಂಕಿ ನಿಲ್ಲುವುದರೊಳಗೆ
ಅವು ಅಂಚಿನತ್ತ ಹೊರಟುಬಿಡುತ್ತಿದ್ದವು,
ಗಾಜಿನ ಮೇಲೆ ಹೊಳೆಯುವ ಗೆರೆ ಬಿಟ್ಟು.
“ಹನ್ನೊಂದು! ಅಲ್ಲ, ಹತ್ತು! ತಾತಾ, ಇದು ನಿಲ್ಲುವುದೇ ಇಲ್ಲ!”

ಒಳಗೆ ರೋಸ್ಮರಿ, ವಿನೆಗರ್ ಘಮ ಎದ್ದಿತ್ತು.
ಕೈ ತೊಳೆದುಕೊ ಮಗು, ಎಂದೆ.
ಹಸಿವು ಸರಿಯಾಗಿ ಹದಕ್ಕೆ ಬಂದಿದೆ.